ವೈಶಾಲಿ ಕಾಸರವಳ್ಳಿ: ಪೋಷಕ ಪಾತ್ರದಿಂದ ನಿರ್ದೇಶನದವರೆಗೆ

ರಂಗಭೂಮಿ, ಚಲನಚಿತ್ರ ಹಾಗೂ ಕಿರುತೆರೆ ಈ ಮೂರೂ ಕ್ಷೇತ್ರಗಳಲ್ಲಿ ದುಡಿದ ಕನ್ನಡದ ಕಲಾವಿದೆಯರಲ್ಲಿ ವೈಶಾಲಿ ಕಾಸರವಳ್ಳಿ (1952-2010) ಪ್ರಮುಖರು. ಜನಪ್ರಿಯ ತಾರೆಯಾಗಿ ಮೆರೆದವರಲ್ಲ. ಪೋಷಕ ಪಾತ್ರಗಳಲ್ಲಿ ನೆಲೆ ಕಂಡು, ಮುಂದೆ ವಸ್ತ್ರವಿನ್ಯಾಸಕಿಯಾಗಿ, ನಿರ್ದೇಶಕಿಯಾಗಿ ಬೆಳೆದವರು.

1952ರ ಏಪ್ರಿಲ್ 12ರಂದು ಗುಲ್ಬರ್ಗದಲ್ಲಿ (ಇಂದಿನ ಕಲಬುರಗಿ) ಜನಿಸಿದ ಅವರ ಮೊದಲ ಹೆಸರು ವೈಶಾಲಿ ಚಿಟಗುಪ್ಪಿ. ಬಿ.ವಿ. ಕಾರಂತ, ಪ್ರಸನ್ನ ಮೊದಲಾದವರಿಂದ ಕನ್ನಡದ ಹವ್ಯಾಸಿ ರಂಗಭೂಮಿ ಹೊಸ ಚೈತನ್ಯ ಪಡೆದ ಕಾಲದಲ್ಲಿ ಅವರು ಅಭಿನಯಕ್ಕೆ ಬಂದರು. ಚಿತ್ರನಿರ್ದೇಶಕ ಗಿರೀಶ್ ಕಾಸರವಳ್ಳಿ ಅವರನ್ನು ವಿವಾಹವಾದರು. ಗಿರೀಶರ 'ಆಕ್ರಮಣ' ಚಿತ್ರದಲ್ಲಿ ಅಭಿನಯಿಸಿದರು.

ನಾಡಿನಾಚೆಯ ಪ್ರೇಕ್ಷಕರಿಗೆ ಅವರ ಪರಿಚಯವಾದದ್ದು 'ಮಾಲ್ಗುಡಿ ಡೇಸ್' ಮೂಲಕ. ಆರ್.ಕೆ. ನಾರಾಯಣ್ ಅವರ ಕಥೆಗಳನ್ನು ಆಧರಿಸಿ ಶಂಕರ್ ನಾಗ್ ನಿರ್ದೇಶಿಸಿದ ಈ ಧಾರಾವಾಹಿ 1980ರ ದಶಕದಲ್ಲಿ ದೂರದರ್ಶನದಲ್ಲಿ ಪ್ರಸಾರಗೊಂಡಿತು. ಗಿರೀಶ್ ಕಾರ್ನಾಡ್ ಬಾಲಕ ಸ್ವಾಮಿಯ ತಂದೆಯಾದರೆ, ವೈಶಾಲಿ ತಾಯಿ. ಗದರುವ ತಂದೆಗೂ ತುಂಟ ಮಗನಿಗೂ ನಡುವೆ ನಿಂತ ಆ ಪಾತ್ರಕ್ಕೆ ಅಬ್ಬರದ ಅಭಿನಯ ಬೇಕಿರಲಿಲ್ಲ.

ತೆರೆಯ ಹಿಂದಿನ ಕೆಲಸವೇ ಅವರಿಗೆ ರಾಷ್ಟ್ರಮಟ್ಟದ ಮನ್ನಣೆ ತಂದಿತು. ಗಿರೀಶ್ ಕಾಸರವಳ್ಳಿ ನಿರ್ದೇಶನದ 'ತಾಯಿಸಾಹೇಬ' (1997) ಚಿತ್ರಕ್ಕೆ ಅವರು ಅತ್ಯುತ್ತಮ ವಸ್ತ್ರವಿನ್ಯಾಸದ ರಾಷ್ಟ್ರಪ್ರಶಸ್ತಿ ಪಡೆದರು. ಜಯಮಾಲಾ ನಿರ್ಮಿಸಿ ನಟಿಸಿದ ಈ ಚಿತ್ರಕ್ಕೆ ಸ್ವರ್ಣಕಮಲವೂ ಸಂದಿತು. ಸ್ವಾತಂತ್ರ್ಯಪೂರ್ವದಿಂದ ಸ್ವಾತಂತ್ರ್ಯೋತ್ತರ ಕಾಲದವರೆಗೆ ಹಬ್ಬಿದ ಕಥೆಯಲ್ಲಿ ಪಾತ್ರಗಳ ಅಂತಸ್ತು, ವಯಸ್ಸು, ಬದಲಾಗುವ ಕಾಲ ಎಲ್ಲವನ್ನೂ ಉಡುಪೇ ಸೂಚಿಸಬೇಕಿತ್ತು.

ಅನಂತರ ಅವರು ಕಿರುತೆರೆಯ ನಿರ್ದೇಶನದಲ್ಲಿ ತೊಡಗಿದರು. 2000ರ ದಶಕದಲ್ಲಿ ಈಟಿವಿ ಕನ್ನಡ ವಾಹಿನಿಗಾಗಿ ನಿರ್ದೇಶಿಸಿದ 'ಮೂಡಲ ಮನೆ' ಮನೆಮಾತಾಯಿತು. ಉತ್ತರ ಕರ್ನಾಟಕದ ಕೂಡುಕುಟುಂಬದ ಕಥೆಯನ್ನು ಅಲ್ಲಿಯ ಆಡುನುಡಿಯಲ್ಲೇ ಹೇಳಿದ್ದು ಇದರ ಹಿರಿಮೆ. ಹಾಸ್ಯಪಾತ್ರಗಳ ಬಾಯಲ್ಲಷ್ಟೇ ಕೇಳಿಬರುತ್ತಿದ್ದ ಆ ಕನ್ನಡ ಇಲ್ಲಿ ಸುಖದುಃಖ, ಸಿಟ್ಟು, ಸಮಾಧಾನಗಳ ಭಾಷೆಯಾಯಿತು. ಗುಲ್ಬರ್ಗದಲ್ಲಿ ಹುಟ್ಟಿದ ನಿರ್ದೇಶಕಿ ಉತ್ತರದ ನುಡಿಗೆ ಈ ಗೌರವ ದೊರಕಿಸಿದ್ದು ಅರ್ಥಪೂರ್ಣ. 'ಮುತ್ತಿನ ತೋರಣ' ಅವರ ಇನ್ನೊಂದು ಧಾರಾವಾಹಿ.

2010ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲಿ ಅವರು ನಿಧನರಾದಾಗ 58 ವರ್ಷ ವಯಸ್ಸಾಗಿತ್ತು. ಮಗ ಅಪೂರ್ವ, ಮಗಳು ಅನನ್ಯಾ ಇಬ್ಬರೂ ಚಿತ್ರನಿರ್ದೇಶಕರಾಗಿದ್ದಾರೆ. 2016ರಲ್ಲಿ ಅಪೂರ್ವರ 'ನಿರುತ್ತರ', ಅನನ್ಯಾರ 'ಹರಿಕಥಾ ಪ್ರಸಂಗ' ಚಿತ್ರಗಳು ಹೊರಬಂದವು.