ಮರೆತು ನಿರಾಶರಾಗದಿರಿ

ನಮ್ಮ ಪುತ್ತೂರು, ಸುಳ್ಯ, ಕಡಬದ ಕಡೆ 'ಆಟ' ಎಂದರೆ ಯಕ್ಷಗಾನ. ಉಳಿದ ಆಟಗಳೆಲ್ಲ ಆಮೇಲೆ. 'ನಾಳೆ ಆಟ ಉಂಟು' ಎಂದರೆ ಯಾವ ಆಟ ಎಂದು ಯಾರೂ ಕೇಳುವುದಿಲ್ಲ. ಯಾವ ಮೇಳ, ಯಾವ ಪ್ರಸಂಗ ಎಂದು ಕೇಳುತ್ತಾರೆ. ಈ ಆಟಕ್ಕೆ ಜನರನ್ನು ಕರೆಯುವ ಕ್ರಮ ಬದಲಾದದ್ದೇ ಒಂದು ಚರಿತ್ರೆ. ಸಮಾಜ ಪಾಠ ಮಾಡುವ ನಾನು ರಾಜವಂಶಗಳ ಇಸವಿಗಳನ್ನು ವರ್ಷವರ್ಷವೂ ಬಾಯಿಪಾಠ ಮಾಡಿಸಿದ್ದೇನೆ. ಈ ಚರಿತ್ರೆ ಮಾತ್ರ ಯಾವ ಪಠ್ಯಪುಸ್ತಕದಲ್ಲೂ ನನಗೆ ಸಿಕ್ಕಿಲ್ಲ.

ಮೊದಲು ಇದ್ದದ್ದು ಬಯಲಾಟ. ಹರಕೆ ಹೊತ್ತವರು ತಮ್ಮ ಗದ್ದೆಯಲ್ಲಿ ಆಡಿಸುತ್ತಿದ್ದರು, ಊರವರು ಚಾಪೆ ಹಿಡಿದು ಹೋಗಿ ಕೂರುತ್ತಿದ್ದರು. ಸಂಜೆ ಚೆಂಡೆ, ಮದ್ದಳೆಯವರು 'ಕೇಳಿ' ಬಡಿದರೆ ಗುಡ್ಡದಾಚೆಗಿನ ಮನೆಗಳಿಗೂ ಸುದ್ದಿ ಮುಟ್ಟುತ್ತಿತ್ತು. ಚೆಂಡೆಗೆ ಹೊಗಳಲು ಬರುವುದಿಲ್ಲ ನೋಡಿ! ಈ ರಾತ್ರಿ ಇಲ್ಲಿ ಆಟ ಉಂಟು ಎಂದಷ್ಟೇ ಹೇಳುತ್ತದೆ. ಕಥೆಯೂ ಎಲ್ಲರಿಗೂ ಗೊತ್ತಿದ್ದದ್ದೇ. ಅಭಿಮನ್ಯು ಚಕ್ರವ್ಯೂಹದಿಂದ ಹಿಂದೆ ಬರುವುದಿಲ್ಲವೆಂದು ಚಾಪೆಯ ಮೇಲೆ ತೂಕಡಿಸುವ ಮಗುವಿಗೂ ಗೊತ್ತು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಇವತ್ತು ರಾಮನನ್ನು ಏನು ಕೇಳುತ್ತಾನೆ, ಪುತ್ತೂರು ಶ್ರೀಧರ ಭಂಡಾರಿಯವರ ಅಭಿಮನ್ಯು ಎಷ್ಟು ಹೊತ್ತು ಧೀಂಗಿಣ ಹಾಕುತ್ತಾನೆ, ಇಷ್ಟೇ ಕುತೂಹಲ. ಒಂದು ರಾತ್ರಿ ಮಾತು ರಂಗೇರದಿದ್ದರೆ 'ಇವತ್ತು ಅಷ್ಟಕ್ಕಷ್ಟೆ' ಎಂದು ಚಾಪೆ ಸುತ್ತಿಕೊಂಡು ಮನೆಗೆ ಬರುತ್ತಿದ್ದರು. ಕೊಟ್ಟದ್ದೇನೂ ಇಲ್ಲ, ಕಳೆದುಕೊಂಡದ್ದು ಒಂದು ರಾತ್ರಿಯ ನಿದ್ದೆ.

ಕಳೆದ ಶತಮಾನದ ನಡುಭಾಗದಿಂದ ಈಚೆಗೆ ಡೇರೆ ಮೇಳಗಳು ಬಂದವು. ಡೇರೆಗೆ ಬಾಗಿಲು, ಬಾಗಿಲಲ್ಲಿ ಟಿಕೆಟು. ನೆಲ, ಕುರ್ಚಿ, ಆರಾಮ ಕುರ್ಚಿ ಎಂದು ದರ್ಜೆಗಳು. ಯಜಮಾನರಿಗೆ ಕಲಾವಿದರ ಸಂಬಳ, ಲಾರಿ, ಜನರೇಟರಿನ ಖರ್ಚೆಲ್ಲ ಪತ್ತನಾಜೆಯೊಳಗೆ ಹುಟ್ಟಬೇಕು. ಬರಿಯ ಕೇಳಿ ಬಡಿದರೆ ಸಾಲದಾಯಿತು. ಅದೇ ಕಾಲದಲ್ಲಿ ತುಳು ಪ್ರಸಂಗಗಳೂ ಬೆಳೆದವು. ಅದರಲ್ಲಿ ಕೋಟಿ ಚೆನ್ನಯರ ಕಥೆಗೆ ನಮ್ಮಲ್ಲಿ ಪ್ರಚಾರವೇ ಬೇಡ. ಪಡುಮಲೆಯಲ್ಲಿ ಹುಟ್ಟಿ, ಪಂಜ ದಾಟಿ ಎಣ್ಮೂರಿನಲ್ಲಿ ಕಾಯ ಬಿಟ್ಟ ವೀರರು ಅವರು. ನಮ್ಮ ಹೆಂಗಸರು ನಾಟಿ ಗದ್ದೆಯಲ್ಲಿ ಪಾಡ್ದನ ಹಾಡಿ, ಗರಡಿಯ ನೇಮ ನೋಡಿ ಆ ಕಥೆಯನ್ನು ಬಲ್ಲವರು. ಅಲ್ಲಿ ಒಂದು ಮಾತು ಆಚೀಚೆಯಾದರೂ ನೆಲದ ಟಿಕೆಟಿನವರೇ ತಿದ್ದಿಯಾರು.

ಆದರೆ ಹೊಸದಾಗಿ ಹೆಣೆದ ಕಥೆಗಳ ಸಂಗತಿ ಬೇರೆ. ಕರ್ನಾಟಕ ಮೇಳದ 'ಕಾಡಮಲ್ಲಿಗೆ' ಊರೂರಲ್ಲಿ ಗೆದ್ದ ಮೇಲೆ ಅಂಥವು ಸಾಲುಸಾಲಾಗಿ ಬಂದವು. ಈ ಕಥೆಗಳ ನಾಯಕ ಯಾರು, ನಾಯಕಿಗೆ ಏನಾಗುತ್ತದೆ, ನೋಡುವವರಿಗೆ ಗೊತ್ತಿಲ್ಲ. ಪೂರ್ತಿ ಹೇಳಿದರೆ ಟಿಕೆಟು ಹೋಗದು, ಏನೂ ಹೇಳದಿದ್ದರೂ ಹೋಗದು. ಅರ್ಧ ಹೇಳಿ, ಉಳಿದರ್ಧವನ್ನು ಕೇಳಿದವರ ಮನಸ್ಸಿಗೆ ಬಿಡುವ ವಿದ್ಯೆ ಆಗ ಹುಟ್ಟಿತು. ಜೀಪು ಬರುತ್ತಿತ್ತು, ತಲೆಯ ಮೇಲೆ ಎರಡು ಮೈಕು. 'ಕಂಡು ಕೇಳರಿಯದ ಕಥಾನಕ! ಮೈ ನವಿರೇಳಿಸುವ ಸನ್ನಿವೇಶಗಳು! ನೋಡಲು ಮರೆಯದಿರಿ, ಮರೆತು ನಿರಾಶರಾಗದಿರಿ!' ಹಿಂದಿನಿಂದ ಹಳದಿ, ಗುಲಾಬಿ ನೋಟೀಸುಗಳು ಹಾರುತ್ತಿದ್ದವು. ನಾವು ಮಕ್ಕಳು ಜೀಪಿನ ಧೂಳು ಕುಡಿಯುತ್ತ ಅದನ್ನು ಹೆಕ್ಕುತ್ತಿದ್ದೆವು.

ಆ ನೋಟೀಸನ್ನು ಓದಿ ಹೇಳುವ ಕೆಲಸ ನನ್ನದು. ನಮ್ಮ ಮನೆಯ ಆಚೆ ಈಚೆ ಬೀಡಿ ಕಟ್ಟುವ ಹೆಂಗಸರು. ಮೊರ ಮಡಿಲಲ್ಲಿಟ್ಟುಕೊಂಡು 'ಇನ್ನೊಮ್ಮೆ ಓದು ಮಗಾ' ಎನ್ನುತ್ತಿದ್ದರು. ಎಂಬತ್ತರ ದಶಕದ ಒಂದು ವರ್ಷ ಬಂದ ನೋಟೀಸಿನಲ್ಲಿ ಆಕಾಶದಿಂದ ಇಳಿಯುವ ಏಳು ಹೆಡೆಯ ಸರ್ಪವಿತ್ತು, ಒಬ್ಬ ಪ್ರಸಿದ್ಧರ ಸ್ತ್ರೀವೇಷವಿತ್ತು. ಎಂಟು ದಿನ ಬೀಡಿಯ ಜೊತೆಗೆ ಸರ್ಪವನ್ನೂ ಕಟ್ಟಿದೆವು! ಒಬ್ಬರು ಅದಕ್ಕೆ ಹೆಡೆಮಣಿ ಇಟ್ಟರು, ಇನ್ನೊಬ್ಬರು ಬೆಂಕಿ ಉಗುಳಿಸಿದರು. ನಾಯಕಿಗೆ ಎಂಥ ಸೀರೆ, ಅವಳು ಅಳುವಾಗ ಭಾಗವತರು ಯಾವ ರಾಗ ಎತ್ತುತ್ತಾರೆ, ಎಲ್ಲ ಮೊದಲೇ ನಿಶ್ಚಯವಾಗಿತ್ತು. ವರ್ಷದಲ್ಲಿ ಒಂದೇ ರಾತ್ರಿ ಗಂಡ, ಅತ್ತೆ, ಬೀಡಿ ಲೆಕ್ಕ ಮೂರನ್ನೂ ಬಿಟ್ಟು ಹೊರಡುವ ಹೆಂಗಸರು ಅವರು. ಆ ಟಿಕೆಟಿನ ಹಣ ಸಕ್ಕರೆ ಡಬ್ಬಿಯಲ್ಲಿ ತಿಂಗಳುಗಟ್ಟಲೆ ಕೂಡಿದ್ದು.

ಸೂಟೆ ಬೀಸಿಕೊಂಡು ಮೂರು ಮೈಲಿ ನಡೆದೆವು. ಸರ್ಪ ಹಗ್ಗದಲ್ಲಿ ಅರ್ಧಕ್ಕೆ ಇಳಿದು ಅಲ್ಲೇ ನಿಂತಿತು. ಚೌಕಿಯಿಂದ ಒಬ್ಬ ಕೋಲು ಹಿಡಿದು ಬಂದು ಅದನ್ನು ದೂಡಿದ. ಅದಕ್ಕೆ ಹೆಂಗಸರು ನಕ್ಕರೇ ಹೊರತು ಬೇಸರಿಸಲಿಲ್ಲ. ಬೇಸರವಾದದ್ದು, ನೋಟೀಸಿನಲ್ಲಿ ದೊಡ್ಡ ಅಕ್ಷರದಲ್ಲಿದ್ದ ಆ ಕಲಾವಿದರು ಬಾರದೆ, ಯಾರೋ ಹೊಸ ಹುಡುಗ ನಾಯಕಿಯಾಗಿ ಬಂದದ್ದಕ್ಕೆ. ಪಾಪ, ಅವನು ಚೆನ್ನಾಗಿಯೇ ಕುಣಿದ ಎಂದು ಈಗ ನನಗೆ ಅನಿಸುತ್ತದೆ. ಬಯಲಾಟದಲ್ಲಾಗಿದ್ದರೆ ಮೆಚ್ಚಿ ಹೆಸರು ಕೇಳುತ್ತಿದ್ದರೇನೋ. ಅಲ್ಲಿ ಮಾತ್ರ ಎಂಟು ದಿನ ಮನಸ್ಸಿನಲ್ಲಿ ಕುಣಿದ ನಾಯಕಿಯ ಎದುರು ಅವನು ಕುಣಿಯಬೇಕಿತ್ತು. ಹಿಂದೆ ಬರುವಾಗ ದಾರಿಯುದ್ದಕ್ಕೂ ಯಾರೂ ಮಾತಾಡಲಿಲ್ಲ. ಮರುವರ್ಷ ಜೀಪು ಬಂದಾಗ ನೆರೆಮನೆಯ ದೊಡ್ಡಮ್ಮ, 'ನೋಟೀಸು ಓದುವುದು ಬೇಡ. ಯಾರು ಬರುತ್ತಾರೆಂದು ಹೋಗಿ ಬಂದವರಲ್ಲಿ ಕೇಳಿ ಹೇಳು' ಎಂದರು.

ಮೇಳದವರಿಗೂ ಇದು ಗೊತ್ತಿತ್ತು. ಹೊಸ ಪ್ರಸಂಗ ದೀಪಾವಳಿ ಕಳೆದ ಹೊಸದರಲ್ಲಿ ಉದ್ದುದ್ದ ಎಳೆಯುತ್ತದೆ, ದೃಶ್ಯಗಳು ಕೂಡಿಬರುವುದಿಲ್ಲ. ಊರೂರು ತಿರುಗುತ್ತ, ಎಲ್ಲಿ ಜನ ಎದ್ದುಹೋಗುತ್ತಾರೋ ಅಲ್ಲಿ ಕತ್ತರಿಸಿ, ಎಲ್ಲಿ ಚಪ್ಪಾಳೆಯೋ ಅಲ್ಲಿ ಬೆಳೆಸಿ ಹದ ಮಾಡುತ್ತಾರೆ. ತಿರುಗಾಟದ ಕೊನೆಯ ಆಟ ನೋಡಿದವರು ಹೊಗಳುವ ಪ್ರಸಂಗವನ್ನೇ ಮೊದಲ ಆಟ ನೋಡಿದವರು ಬೈಯುತ್ತಿದ್ದರೆ ಇಬ್ಬರದ್ದೂ ಸುಳ್ಳಲ್ಲ.

ಇದನ್ನೆಲ್ಲ ನೆನಪಿಸಿದವನು ನನ್ನ ಹಳೆಯ ವಿದ್ಯಾರ್ಥಿ, ಕಡಬ ಕಡೆಯ ಹುಡುಗ. ಕಂಪ್ಯೂಟರಿನಲ್ಲಿ ಆಡುವ ರೋಲ್ ಪ್ಲೇಯಿಂಗ್ ಗೇಮ್ ಎಂದರೇನೆಂದು ಕೇಳಿದೆ. 'ಅದೂ ಆಟವೇ ಟೀಚರ್, ವೇಷ ನಾವೇ ಹಾಕುವುದು' ಎಂದ. ಪೋಲೆಂಡಿನ ಸಿಡಿ ಪ್ರೊಜೆಕ್ಟ್ ಎಂಬ ಕಂಪೆನಿ 'ಸೈಬರ್‌ಪಂಕ್ 2077' ಎಂಬ ಆಟವನ್ನು 2012ರಲ್ಲೇ ಸಾರಿತ್ತಂತೆ. 2020ರಲ್ಲಿ ಮೂರು ಸಲ ದಿನ ಮುಂದೂಡಿ, ಡಿಸೆಂಬರ್ 10ಕ್ಕೆ ಬಿಟ್ಟರು. ಎಂಟು ವರ್ಷದ ಜೀಪು ಎನ್ನಿ! ನೋಡದೆಯೇ ಮುಂಗಡ ಕೊಟ್ಟವರು ಲೋಕದಲ್ಲಿ ಲಕ್ಷಗಟ್ಟಲೆ. ಬಂದ ಆಟ ಹಳೆಯ ಯಂತ್ರಗಳಲ್ಲಿ ನಮ್ಮ ಸರ್ಪದಂತೆ ಅಲ್ಲಲ್ಲೇ ನಿಂತುಬಿಡುತ್ತಿತ್ತು. ವಾರ ಕಳೆಯುವಷ್ಟರಲ್ಲಿ ಸೋನಿ ಕಂಪೆನಿ ತನ್ನ ಅಂಗಡಿಯಿಂದ ಅದನ್ನು ತೆಗೆದು, ಕೊಂಡವರಿಗೆ ಹಣ ಹಿಂದೆ ಕೊಡಲು ಒಪ್ಪಿತು. (ನಮಗೆ ಡೇರೆಯ ಬಾಗಿಲಲ್ಲಿ ಹಾಗೆ ಯಾರೂ ಕೊಡಲಿಲ್ಲ.) 2021ರ ಜೂನಿನಲ್ಲಿ ಅದು ಅಂಗಡಿಗೆ ಮರಳಿತು. ತಿದ್ದುತ್ತ ತಿದ್ದುತ್ತ 2023ರ ಹೊತ್ತಿಗೆ ಮೊದಲು ಬೈದವರೂ ಹೊಗಳುವಂತಾಯಿತು.

'ಹಾಗಾದರೆ ನಿನ್ನ ಬೇಸರ ಹೋಯಿತಲ್ಲ?' ಎಂದೆ. 'ಆಟ ಸರಿಯಾಯಿತು ಟೀಚರ್. ಆದರೆ ನಾನು ಕಾದದ್ದು ಅದಕ್ಕಲ್ಲ' ಎಂದ.

ತೆಂಕುತಿಟ್ಟಿನಲ್ಲಿ ಈಗ ಟಿಕೆಟಿನ ಡೇರೆ ಮೇಳಗಳು ಇಲ್ಲವೆನ್ನುವಷ್ಟು ಕಡಿಮೆ. ಹರಕೆಯ ಆಟ ಮಾತ್ರ ಧಾರಾಳ. ಹುಡುಗನ ಕಡೆ ಹಾಗಲ್ಲ. ಅದೇ ಕಂಪೆನಿ 2024ರ ಡಿಸೆಂಬರಿನಲ್ಲಿ 'ವಿಚರ್ 4' ಎಂಬ ಇನ್ನೊಂದು ಆಟದ ತುಣುಕನ್ನು ತೋರಿಸಿತಂತೆ. ಅದನ್ನು ಮೊಬೈಲಿನಲ್ಲಿ ನನಗೆ ಎರಡು ಸಲ ಹಾಕಿ ತೋರಿಸಿದ. ಸಂಬಳದಲ್ಲಿ ಹಣ ಎತ್ತಿಡಲು ಆಗಲೇ ಸುರು ಮಾಡಿದ್ದ.