ಗಣಕಯಂತ್ರದ ಶೈತ್ಯವ್ಯವಸ್ಥೆಯಲ್ಲಿ ಶಬ್ದನಿಗ್ರಹ

ಓದುಬರೆಹದ ಕೋಣೆಗೆ ನಿಶ್ಶಬ್ದತೆಯು ಎಷ್ಟು ಆವಶ್ಯಕವೆಂಬುದನ್ನು ವಿದ್ವಾಂಸರಿಗೆ ವಿವರಿಸಬೇಕಾದುದಿಲ್ಲ. ಆ ಕೋಣೆಯ ಮೇಜಿನ ಮೇಲೆ ಈಗ ಗಣಕಯಂತ್ರವು ನೆಲಸಿರುವುದರಿಂದ, ಅದರ ಬೀಸಣಿಗೆಯ ಮೊರೆತವೂ ನಮ್ಮ ನಿತ್ಯದ ಸಂಗಾತಿಯಾಗಿದೆ. ಈ ಶಬ್ದವನ್ನು ಅಡಗಿಸಲು ನಡೆದ ಯತ್ನಗಳ ಚರಿತ್ರೆಯನ್ನು ಪರಿಶೀಲಿಸಿದರೆ, ಬೀಸಣಿಗೆಯನ್ನು ತೊರೆಯುವುದಕ್ಕಿಂತ ಅದನ್ನು ಹದವರಿತು ನಡೆಸುವುದೇ ಹೆಚ್ಚು ಫಲಕಾರಿಯಾಯಿತೆಂಬುದು ವ್ಯಕ್ತವಾಗುತ್ತದೆ.

ಮೊದಲನೆಯ ಮಾರ್ಗವು ಪರಿತ್ಯಾಗ. 1977ರ ಆಪಲ್ 2 ಯಂತ್ರಕ್ಕೆ ವಿದ್ಯುತ್ತನ್ನು ಒದಗಿಸುವ ಅಂಗವನ್ನು ರಾಡ್ ಹೋಲ್ಟ್ ಎಂಬವರು ಕಡಮೆ ಶಾಖವುಂಟಾಗುವಂತೆ ರಚಿಸಿದುದರಿಂದ, ಅದಕ್ಕೆ ಬೀಸಣಿಗೆಯೇ ಬೇಕಾಗಲಿಲ್ಲ. 1980ರ ಆಪಲ್ 3ರಲ್ಲಿಯೂ ಬೀಸಣಿಗೆ ಕೂಡದೆಂದು ಸ್ಟೀವ್ ಜಾಬ್ಸರು ಹಟಹಿಡಿದರು. ಶಾಖವನ್ನು ಹೊರಗೆಡಹುವ ಭಾರವು ಅಲ್ಯೂಮಿನಿಯಂ ಎರಕದ ಒಡಲಿನ ಮೇಲೆ ಬಿದ್ದಿತು. ಮೊದಮೊದಲು ಮಾರಾಟವಾದ ಯಂತ್ರಗಳು ಬಹಳವಾಗಿ ಕೆಟ್ಟುವು. ಇದಕ್ಕೆ ಶಾಖವೇ ಕಾರಣವೆಂಬುದು ಪ್ರಚಲಿತವಾದ ಮತ. ಪೆಟ್ಟಿಗೆಯ ವಿನ್ಯಾಸಕಾರರಾದ ಜೆರ್ರಿ ಮ್ಯಾನಕ್ ಇದನ್ನೊಪ್ಪದೆ, ದೋಷವು ಒಳಗಿನ ವಿದ್ಯುನ್ಮಂಡಲದ ಹಲಗೆಯದೆಂದು ವಾದಿಸಿದರು. ವಿವಾದವೇನೇ ಇರಲಿ, 1984ರಲ್ಲಿ ಬೀಸಣಿಗೆಯಿಲ್ಲದೆ ಹೊರಬಂದ ಮ್ಯಾಕಿಂಟಾಷಿನ ಸಂತತಿಗೂ 1987ರ ಎಸ್‌ಇ ಯಂತ್ರದಲ್ಲಿ ಬೀಸಣಿಗೆಯು ಅನಿವಾರ್ಯವಾಯಿತೆಂಬುದು ಗಮನಾರ್ಹ.

ಎರಡನೆಯ ಮಾರ್ಗವು ನಿಯಮನ. 1993ರ ಮೊದಲ ಪೆಂಟಿಯಂ ಸುಮಾರು 15 ವಾಟ್ ಶಾಖವನ್ನು ಹೊರಸೂಸುತ್ತಿದ್ದರೆ, 2004ರ ಪೆಂಟಿಯಂ 4ರ ಕೆಲವು ಮಾದರಿಗಳಲ್ಲಿ ಅದು 115 ವಾಟ್‌ಗೆ ಏರಿತು. ಇನ್ನು ಬೀಸಣಿಗೆಯ ವೇಗವನ್ನು ಆಳುವುದೊಂದೇ ಉಪಾಯ. ವೇಗವನ್ನು ಅರ್ಧಕ್ಕಿಳಿಸಿದರೆ ಗಾಳಿಯು ಅರ್ಧವಾಗುತ್ತದೆ. ಶಬ್ದವಾದರೋ ಸುಮಾರು 15 ಡೆಸಿಬೆಲ್‌ಗಳಷ್ಟು ತಗ್ಗುತ್ತದೆ. ಆದುದರಿಂದಲೇ 80 ಮಿಲಿಮೀಟರಿನ ಬೀಸಣಿಗೆಯನ್ನು ಬಿರುಸಾಗಿ ತಿರುಗಿಸುವುದಕ್ಕೆ ಬದಲು 120 ಮಿಲಿಮೀಟರಿನದನ್ನು ಮೆಲ್ಲನೆ ತಿರುಗಿಸುವ ಪದ್ಧತಿಯು ಹಬ್ಬಿತು. 2003ರ ಪವರ್ ಮ್ಯಾಕ್ ಜಿ5 ಯಂತ್ರದ ಒಡಲನ್ನು 4 ವಲಯಗಳಾಗಿ ವಿಭಾಗಿಸಿ, 9 ಬೀಸಣಿಗೆಗಳನ್ನು ಆಯಾ ವಲಯದ ಅಗತ್ಯಕ್ಕೆ ತಕ್ಕಂತೆ ನಡೆಸಲಾಯಿತು. ಇಂಟೆಲ್ ಸಂಸ್ಥೆಯು ರೂಪಿಸಿದ ನಾಲ್ಕು ತಂತಿಗಳ ಬೀಸಣಿಗೆಯಲ್ಲಿ ವೇಗದ ಆಜ್ಞೆಯು ಸೆಕೆಂಡಿಗೆ ಸುಮಾರು 25,000 ಸ್ಪಂದನಗಳಾಗಿ ಬರುತ್ತದೆ. ಮನುಷ್ಯನ ಕಿವಿಯ ಮೇರೆಯು 20,000 ಆದುದರಿಂದ ಆ ಸ್ಪಂದನವು ಕೇಳಿಸದು.

ನೀರಿನ ಮಾರ್ಗವು ಮೂರನೆಯದು. 2004ರಲ್ಲಿ ಜಿ5ರ ಅತಿವೇಗದ ಮಾದರಿಗೆ ದ್ರವಶೈತ್ಯವನ್ನು ಅಳವಡಿಸಿದರು. ಆದರೆ ದ್ರವವು ಶಾಖವನ್ನು ಒಯ್ಯುವುದೇ ಹೊರತು ನುಂಗುವುದಿಲ್ಲ. ಕಡೆಗೆ ಅದನ್ನು ಗಾಳಿಗೇ ಒಪ್ಪಿಸಬೇಕು. ಹೀಗೆ ಬೀಸಣಿಗೆಯು ಉಳಿದು, ಪಂಪಿನ ಶಬ್ದವೂ ಸೇರಿತು. ತಂತಿಯ ನಾದವನ್ನು ವೀಣೆಯ ಕೊಡವು ಹೆಚ್ಚಿಸುವಂತೆ, ಪಂಪಿನ ಕಂಪನವನ್ನು ಪೆಟ್ಟಿಗೆಯ ತಗಡು ಹೆಚ್ಚಿಸುತ್ತದೆ. ನಡುವೆ ರಬ್ಬರನ್ನಿರಿಸುವುದು, ಕೊಳವೆಯೊಳಗಿನ ಗಾಳಿಗುಳ್ಳೆಗಳನ್ನು ಹೊರಡಿಸುವುದು, ಪಂಪಿನ ವೇಗವನ್ನು ತಗ್ಗಿಸುವುದು ಇದಕ್ಕೆ ಪರಿಹಾರ. ಆದರೂ ನೀರಿನಲ್ಲಿ ಒಂದು ಗುಣವುಂಟು: ಗಣಕದ ಹೃದಯವು ಕ್ಷಣದಲ್ಲಿ ಕಾದರೂ ನೀರು ನಿಧಾನವಾಗಿ ಕಾಯುತ್ತದೆ. ಬೀಸಣಿಗೆಯನ್ನು ನೀರಿನ ಉಷ್ಣತೆಗೆ ಅಧೀನಗೊಳಿಸಿದರೆ ಅದರ ಧ್ವನಿಯು ಅಡಿಗಡಿಗೆ ಏರಿಳಿಯದು.

ಕಿವಿಯನ್ನು ಕದಡುವುದು ಒಂದೇ ಸಮನಾದ ಮಂದಧ್ವನಿಗಿಂತ ಹಠಾತ್ತಾದ ಏರಿಳಿತವೇ. ಶಾಖವಿರುವವರೆಗೆ ಅದನ್ನು ಒಯ್ಯುವ ಚಲನೆಯೂ ಇರಲೇಬೇಕು. ಆದುದರಿಂದ ಶಬ್ದನಿಗ್ರಹವೆಂದರೆ ಶಬ್ದದ ನಾಶವಲ್ಲ, ಅದರ ಲಯವನ್ನು ಕಾಪಾಡುವುದು ಎಂದು ಹೇಳುವುದೇ ಯುಕ್ತವಾಗಿದೆ.