ಬೆಚ್ಚನೆಯ ಕಡಲು, ಬಿರುಗಾಳಿಯ ಹುಟ್ಟು

ಕಾರ್ತಿಕಮಾಸದ ಒಂದು ಸಂಜೆ ತಾವು ರೇಡಿಯೋ ಮುಂದೆ ಕುಳಿತಿರುವಿರಿ. ವಾರ್ತೆಗಳು ಮುಗಿದು ಹವಾಮಾನದ ವರದಿ ಬರುತ್ತದೆ: ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಿದೆ, ಮೀನುಗಾರರು ಕಡಲಿಗೆ ಇಳಿಯಬಾರದು. ಬಯಲುಸೀಮೆಯ ಊರಿನಲ್ಲಿರುವ ನಮಗೆ, ಒಣಗಹಾಕಿದ ಬಟ್ಟೆಯನ್ನು ಒಳಗೆ ತರಬೇಕೇ ಎಂಬಷ್ಟೇ ಯೋಚನೆ. ಆದರೆ ಈ ಎರಡು ವಾಕ್ಯಗಳನ್ನು ಧೈರ್ಯವಾಗಿ ಹೇಳುವುದನ್ನು ಕಲಿಯಲು ಮನುಷ್ಯನಿಗೆ ಬಹುಕಾಲ ಹಿಡಿಯಿತು. ಅಷ್ಟರಲ್ಲಿ ಹೋದ ಪ್ರಾಣಗಳು ಲಕ್ಷಗಟ್ಟಲೆ.

ಕಳೆದ ಶತಮಾನಕ್ಕೂ ಹಿಂದಿನ ಮಾತು. ಕಲ್ಕತ್ತೆಯಲ್ಲಿ ಹೆನ್ರಿ ಪಿಡಿಂಗ್ಟನ್ ಎಂಬುವರಿದ್ದರು. ಹಡಗಿನಲ್ಲಿ ದುಡಿದು ಬಂದವರು. ಬಿರುಗಾಳಿಗೆ ಸಿಕ್ಕಿ ಉಳಿದು ಬಂದ ಹಡಗುಗಳ ದಿನಚರಿಗಳನ್ನೆಲ್ಲ ಕೂಡಿಸಿ, ಗಾಳಿ ಯಾವ ಹೊತ್ತಿನಲ್ಲಿ ಯಾವ ದಿಕ್ಕಿನಿಂದ ಬೀಸಿತೆಂದು ಅವರು ತಾಳೆ ನೋಡಿದರು. ಗಾಳಿ ಒಂದು ನಡುವಿನ ಸುತ್ತ ಹಾವು ಸುರುಳಿ ಸುತ್ತಿದಂತೆ ಸುತ್ತುತ್ತಿತ್ತು. ಸುರುಳಿಗಿರುವ ಗ್ರೀಕ್ ಶಬ್ದವನ್ನೇ ಹಿಡಿದು ೧೮೪೮ರ ತಮ್ಮ ಗ್ರಂಥದಲ್ಲಿ ಅದನ್ನು ‘ಸೈಕ್ಲೋನ್’ ಎಂದು ಕರೆದರು. ಇಂದು ಲೋಕವೆಲ್ಲ ಆಡುವ ಈ ಹೆಸರು ಹುಟ್ಟಿದುದು ನಮ್ಮ ಕೊಲ್ಲಿಯ ದಡದಲ್ಲಿ.

ಮಾತ್ಲಾ ನದಿಯ ಮೇಲೆ ಹೊಸ ಬಂದರು ಕಟ್ಟುವ ಸನ್ನಾಹ ನಡೆದಾಗ, ಬಿರುಗಾಳಿ ಬಂದರೆ ಸಮುದ್ರವೇ ಉಬ್ಬಿ ಬಂದು ಬಂದರನ್ನು ಮುಳುಗಿಸೀತೆಂದು ೧೮೫೩ರಲ್ಲಿ ಅವರು ಗವರ್ನರ್ ಜನರಲ್ಲರಿಗೆ ಬರೆದರು. ಯಾರೂ ಕಿವಿಗೊಡಲಿಲ್ಲ. ೧೮೫೮ರಲ್ಲಿ ಅವರು ತೀರಿಕೊಂಡರು. ೧೮೬೭ರಲ್ಲಿ ಅವರು ಹೇಳಿದಂತೆಯೇ ಆ ಬಂದರು ಹಾಳಾಯಿತು. ಅದಕ್ಕೂ ಮೊದಲು, ೧೮೬೪ರ ಅಕ್ಟೋಬರ್ ೫ರಂದು, ಕಲ್ಕತ್ತೆಯ ಮೇಲೇ ಚಂಡಮಾರುತ ಎರಗಿ ಸುಮಾರು ೬೦,೦೦೦ ಜನ ಸತ್ತಿದ್ದರು. ಈ ಆಘಾತದ ಮೇಲೆ ೧೮೬೬ ಮತ್ತು ೧೮೭೧ರಲ್ಲಿ ಮಳೆಯೂ ಕೈಕೊಟ್ಟಾಗ ಸರ್ಕಾರದ ಕಣ್ಣು ತೆರೆಯಿತು. ೧೮೭೫ರಲ್ಲಿ ಭಾರತದ ಹವಾಮಾನ ಇಲಾಖೆ ಸ್ಥಾಪನೆಯಾಯಿತು.

ಗಾಳಿ ಸುತ್ತುವುದು ತಿಳಿಯಿತು ಸರಿ; ಆದರೆ ಅಷ್ಟು ಬಲ ಅದಕ್ಕೆ ಎಲ್ಲಿಂದ ಬಂತು? ಉತ್ತರಕ್ಕೆ ತಮ್ಮ ಅಡಿಗೆಮನೆಗೇ ಹೋಗಿ ನೋಡಬಹುದು. ಇಡ್ಲಿಯನ್ನು ಬೇಯಿಸುವುದು ಹಬೆ. ನೀರು ಹಬೆಯಾಗುವಾಗ ಶಾಖವನ್ನು ಹೀರಿಕೊಳ್ಳುತ್ತದೆ. ತಣ್ಣನೆಯ ಹಿಟ್ಟಿಗೆ ತಗುಲಿ ಮತ್ತೆ ನೀರಾಗುವಾಗ ಆ ಸಾಲವನ್ನು ತೀರಿಸುತ್ತದೆ. ಕಡಲ ಮೇಲೂ ಇದೇ ನಡೆಯುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು ೫೮೦ ಕ್ಯಾಲೊರಿ ಶಾಖ ಬೇಕು. ಆವಿ ಮೇಲೇರಿ ಮೋಡವಾದಾಗ ಅಷ್ಟೂ ಶಾಖ ಅಲ್ಲಿನ ಗಾಳಿಗೆ ಸೇರುತ್ತದೆ. ಬಿಸಿಯಾದ ಗಾಳಿ ಇನ್ನೂ ಮೇಲೇರುತ್ತದೆ, ಕೆಳಗೆ ವಾಯುಭಾರ ಕುಸಿಯುತ್ತದೆ, ಸುತ್ತಲಿನ ತೇವದ ಗಾಳಿ ಅಲ್ಲಿಗೆ ನುಗ್ಗುತ್ತದೆ. ಭೂಮಿಯ ತಿರುಗಾಟ ಅದನ್ನು ಸುರುಳಿಯಾಗಿಸುತ್ತದೆ. ಕಡಲ ಮೇಲ್ಮೈ ಸುಮಾರು ೨೬ ಡಿಗ್ರಿ ಸೆಂಟಿಗ್ರೇಡಿಗಿಂತ ಬೆಚ್ಚಗಿರುವಲ್ಲಿಯೇ ಇಂಥ ಬಿರುಗಾಳಿ ಹುಟ್ಟುವುದೆಂದು ಫಿನ್ಲೆಂಡಿನ ವಿಜ್ಞಾನಿ ಎರಿಕ್ ಪಾಲ್ಮೆನ್ ೧೯೪೮ರಲ್ಲಿ ತೋರಿಸಿದರು.

ಮೇಲ್ಮೈಯ ಬಿಸಿಯೊಂದೇ ಸಾಲದು. ಬಿರುಗಾಳಿ ಕಡಲನ್ನು ಕಡೆಯುತ್ತದೆ. ಅಡಿಯ ತಣ್ಣೀರು ಮೇಲೆ ಬಂದರೆ ತನ್ನ ಒಲೆಯನ್ನು ತಾನೇ ಆರಿಸಿಕೊಂಡಂತೆ. ಬೆಚ್ಚನೆಯ ನೀರು ಆಳದವರೆಗೂ ಇದ್ದರೆ ಒಲೆ ಆರದು. ಬಂಗಾಳ ಕೊಲ್ಲಿಯಲ್ಲಿ ಇನ್ನೊಂದು ವಿಶೇಷವುಂಟು. ಗಂಗೆ, ಬ್ರಹ್ಮಪುತ್ರ, ಮಹಾನದಿಗಳ ಸಿಹಿನೀರು ಹಗುರವಾದುದರಿಂದ ಮೇಲೆ ಹರಡಿ ನಿಂತು, ಅಡಿಯ ತಣ್ಣೀರು ಬೆರೆಯದಂತೆ ತಡೆಯುತ್ತದೆ. ಮುಂಗಾರಿನ ನಡುವೆ ಮೇಲಿನ ಗಾಳಿ ಒಂದು ಕಡೆಗೆ, ಕೆಳಗಿನದು ಇನ್ನೊಂದು ಕಡೆಗೆ ಜೋರಾಗಿ ಬೀಸಿ ಸುರುಳಿಯನ್ನು ಚದುರಿಸುತ್ತವೆ. ಆದುದರಿಂದಲೇ ಘೋರ ಚಂಡಮಾರುತಗಳು ಮುಂಗಾರಿಗೆ ಮೊದಲು, ಇಲ್ಲವೆ ಅದು ಹಿಂದಿರುಗಿದ ಮೇಲೆ ಬರುತ್ತವೆ.

ದೂರದ ಕಡಲುಗಳ ಕೈವಾಡವೂ ಇದೆ. ನಮ್ಮ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿದ್ದ ಗಿಲ್ಬರ್ಟ್ ವಾಕರ್ ಮಳೆಯ ಮುನ್ಸೂಚನೆಯನ್ನು ಹುಡುಕುತ್ತ, ಪೆಸಿಫಿಕ್ ಮತ್ತು ಹಿಂದೂ ಮಹಾಸಾಗರಗಳ ವಾಯುಭಾರ ತಕ್ಕಡಿಯಂತೆ ಏರಿಳಿಯುವುದನ್ನು ಕಂಡರು. ಅದಕ್ಕೂ ಪೆಸಿಫಿಕ್ ನೀರಿನ ಬಿಸಿಗೂ ಇರುವ ನಂಟನ್ನು ೧೯೬೯ರಲ್ಲಿ ಬ್ಯರ್ಕ್ನೆಸ್ ವಿವರಿಸಿದರು. ಪೂರ್ವ ಪೆಸಿಫಿಕ್ ತಣ್ಣಗಾದ ವರ್ಷಗಳಲ್ಲಿ ಬಂಗಾಳ ಕೊಲ್ಲಿಯ ಹಿಂಗಾರಿನ ಚಂಡಮಾರುತಗಳಿಗೆ ಅನುಕೂಲ ಹೆಚ್ಚು. ೧೯೯೯ ಅಂಥ ವರ್ಷ. ಹಿಂದೂ ಮಹಾಸಾಗರದಲ್ಲಿಯೂ ಪೂರ್ವ-ಪಶ್ಚಿಮಗಳ ನಡುವೆ ಇಂಥದೇ ತಕ್ಕಡಿಯಿದೆಯೆಂದು ಎನ್. ಎಚ್. ಸಾಜಿ ಮತ್ತು ಸಂಗಡಿಗರು ತೋರಿಸಿದುದೂ ಅದೇ ವರ್ಷ. ೨೦೧೯ರಲ್ಲಿ ಆ ತಕ್ಕಡಿ ಪಶ್ಚಿಮಕ್ಕೆ ಬಲವಾಗಿ ವಾಲಿತು. ಕ್ಯಾರ್ ಮತ್ತು ಮಹಾ ಎಂಬ ಎರಡು ಚಂಡಮಾರುತಗಳು ಅರಬ್ಬೀ ಸಮುದ್ರದಲ್ಲಿ ಏಕಕಾಲಕ್ಕೆ ಸುತ್ತಿದವು.

ಈ ವಿದ್ಯೆಯಿಂದ ಏನು ಫಲವೆಂದು ತಾವು ಕೇಳಬಹುದು. ೧೯೯೯ರ ಅಕ್ಟೋಬರ್ ೨೯ರಂದು ಒಡಿಶಾದ ಪಾರಾದೀಪದ ಬಳಿ ಬಂದ ಮಹಾ ಚಂಡಮಾರುತಕ್ಕೆ ಸುಮಾರು ಹತ್ತು ಸಾವಿರ ಜನ ಬಲಿಯಾದರು. ೨೦೧೩ರ ಅಕ್ಟೋಬರ್ ೧೨ರಂದು ಅದೇ ರಾಜ್ಯದ ಗೋಪಾಲಪುರದ ಬಳಿ ಫೈಲಿನ್ ಬಂದಿತು. ಅದೂ ಭಯಂಕರವಾದುದೇ. ಆದರೆ ಮೊದಲೇ ಸುಳಿವು ಸಿಕ್ಕಿ ಲಕ್ಷಗಟ್ಟಲೆ ಜನರನ್ನು ಸುರಕ್ಷಿತ ಕಟ್ಟಡಗಳಿಗೆ ಸಾಗಿಸಿದ್ದರು. ಸತ್ತವರ ಲೆಕ್ಕ ಸಾವಿರಗಳಿಗೆ ಏರಲಿಲ್ಲ.

ಅರಬ್ಬೀ ಸಮುದ್ರ ಹಿಂದಿಗಿಂತ ಬೆಚ್ಚಗಾಗಿದೆ. ೨೦೨೧ರ ಮೇ ತಿಂಗಳಲ್ಲಿ ಗುಜರಾತಿಗೆ ಹೊರಟ ತೌಕ್ತೆ ದಾರಿಯಲ್ಲಿ ನಮ್ಮ ಕರಾವಳಿಯ ಮನೆ, ದೋಣಿ, ರಸ್ತೆಗಳನ್ನೂ ಮುರಿದು ಹೋಯಿತು. ಬಿರುಗಾಳಿ ಪೂರ್ವದ ಕಡಲಿನ ಪಾಡು ಎಂದು ನಾವಿನ್ನು ಸುಮ್ಮನಿರುವಂತಿಲ್ಲ. ಪಿಡಿಂಗ್ಟನ್ನರ ಪತ್ರವನ್ನು ಅಂದು ಮೂಲೆಗೆ ಸರಿಸಿದವರಿದ್ದರು. ಇಂದು ಅಂಥ ಪತ್ರ ಪ್ರತಿದಿನ ತಮ್ಮ ಮನೆಗೇ ಬರುತ್ತದೆ. ವರದಿ ಬರುವಾಗ ದಯಮಾಡಿ ಒಂದು ನಿಮಿಷ ಮಾತು ನಿಲ್ಲಿಸಿ ಕೇಳಿರಿ. ಕರಾವಳಿಯಲ್ಲಿ ತಮ್ಮ ನಂಟರಿದ್ದರೆ, ಅವರೂ ಕೇಳಿದರೇ ಎಂದು ವಿಚಾರಿಸಿರಿ.